ಅಂಗಳದಲ್ಲಿ ಸಿದ್ಧವಾದ ಸಂಚಾರಿ ಮನೆ: ಒಂದು ದಂಪತಿಯ ದಿನಚರಿ ಮತ್ತು ಖಾತೆ

ಪ್ರಯಾಣಿಕರ ವ್ಯಾನನ್ನು ಮಲಗುವ, ಅಡುಗೆ ಮಾಡುವ ಸೌಕರ್ಯವಿರುವ ಸಂಚಾರಿ ಮನೆಯನ್ನಾಗಿ ಮಾರ್ಪಡಿಸುವ ಹವ್ಯಾಸ ವಿದೇಶಗಳಲ್ಲಿ ಹಳೆಯದು. ನಮ್ಮಲ್ಲಿ ಅದಿನ್ನೂ ಹೊಸತು. ಕೇರಳ ಸರ್ಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆಂದೇ ನೀತಿಯೊಂದನ್ನು ಪ್ರಕಟಿಸಿದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಈ ಬಗ್ಗೆ ಕುತೂಹಲ ಹೆಚ್ಚಿದೆ. ಆದರೆ ಈ ಲೇಖನದ ವಿಷಯ ಪ್ರವಾಸೋದ್ಯಮವಲ್ಲ. ಹುಬ್ಬಳ್ಳಿಯಲ್ಲಿ ಸಣ್ಣ ಫ್ಯಾಬ್ರಿಕೇಶನ್ ಘಟಕ ನಡೆಸಿದ ದಂಪತಿಯೊಂದು ತಮ್ಮ ಮನೆಯ ಅಂಗಳದಲ್ಲಿ ಎಂಟು ತಿಂಗಳ ಕಾಲ ಇಂಥದೊಂದು ವಾಹನವನ್ನು ಕಟ್ಟಿದ ಬಗೆ ಮತ್ತು ಅದಕ್ಕೆ ಅವರು ಇಟ್ಟ ಲೆಕ್ಕ ಇಲ್ಲಿಯ ವಿಷಯ. ಇವರು ನನ್ನ ಹಳೆಯ ಕಕ್ಷಿದಾರರು. ಹೆಸರು ಬೇಡವೆಂಬ ಷರತ್ತಿನ ಮೇಲೆ ಬರೆಯಲು ಒಪ್ಪಿಗೆ ನೀಡಿದ್ದಾರೆ.

ಯಜಮಾನರು ಇಪ್ಪತ್ತೈದು ವರ್ಷ ವಿದ್ಯುತ್ ಪ್ಯಾನೆಲ್ ಪೆಟ್ಟಿಗೆಗಳನ್ನು ತಯಾರಿಸಿದವರು. ಘಟಕದ ನಗದು ಪುಸ್ತಕವನ್ನು ಬರೆಯುತ್ತಿದ್ದವರು ಅವರ ಪತ್ನಿ. ಆಡಳಿತವನ್ನು ಮಗನಿಗೆ ವಹಿಸಿದ ಮೇಲೆ ಊರೂರು ಸುತ್ತಬೇಕೆಂಬುದು ಇಬ್ಬರ ಆಸೆಯಾಗಿತ್ತು. ಅಷ್ಟರಲ್ಲಿ ಆ ತಾಯಿಗೆ ಎರಡೂ ಮೊಣಕಾಲುಗಳ ಶಸ್ತ್ರಚಿಕಿತ್ಸೆಯಾಯಿತು. ನೆಲಮಟ್ಟದ ಶೌಚಾಲಯದಲ್ಲಿ ಕೂರುವುದು ಅಸಾಧ್ಯವಾಯಿತು. ಹೆದ್ದಾರಿಯ ಬದಿಯಲ್ಲಿ, ದೇವಸ್ಥಾನದ ಯಾತ್ರಿನಿವಾಸಗಳಲ್ಲಿ ಹೆಂಗಸರು ಪಡುವ ಪಾಡು ಓದುಗರಿಗೆ ತಿಳಿಯದ್ದಲ್ಲ. ಬೆಳಗಿನಿಂದ ನೀರು ಕುಡಿಯದೆ ಪ್ರಯಾಣ ಮಾಡುವುದು, ಕೊನೆಗೆ ಪ್ರಯಾಣವನ್ನೇ ಬಿಡುವುದು ಇದರ ಪರಿಣಾಮ. ಎರಡು ವರ್ಷ ಅವರು ಧಾರವಾಡ ದಾಟಿ ಹೋಗಿರಲಿಲ್ಲ. ವಾಹನದ ವಿನ್ಯಾಸವು ಮಂಚದಿಂದಲ್ಲ, ಶೌಚಾಲಯದಿಂದ ಆರಂಭವಾದದ್ದು ಈ ಕಾರಣಕ್ಕೆ.

ಕೊಂಡದ್ದು ಹಳೆಯ ಟೆಂಪೋ ಟ್ರಾವೆಲರ್. ಜನ ‘ಟೀಟಿ’ ಎಂದು ಕರೆಯುವ ವಾಹನ. ಎತ್ತರದ ಛಾವಣಿ, ಊರೂರಿನಲ್ಲಿ ಸಿಗುವ ಮೆಕ್ಯಾನಿಕ್, ಸುಲಭವಾಗಿ ದೊರೆಯುವ ಬಿಡಿಭಾಗ ಇವು ಆಯ್ಕೆಗೆ ಕಾರಣಗಳು. ಬೆಲೆ 5,60,000 ರೂಪಾಯಿ. ಹಳದಿ ಫಲಕದ ಬಾಡಿಗೆ ವಾಹನವಾದ್ದರಿಂದ ಪರವಾನಗಿಯನ್ನು ಒಪ್ಪಿಸಿ ಸ್ವಂತ ಬಳಕೆಗೆ ಬದಲಾಯಿಸುವ ಕೆಲಸವೂ ಜೊತೆಗೆ ಬಂತು.

ಕತ್ತರಿಸುವ ಮುನ್ನ ಅನುಮತಿ

ತಗಡಿನ ಕೆಲಸ ಬಲ್ಲ ಯಜಮಾನರಿಗೆ ಮೊದಲ ವಾರವೇ ಪಕ್ಕದ ತಗಡನ್ನು ಕತ್ತರಿಸಿ ಕಿಟಕಿ ಕೂರಿಸುವ ಆತುರ. ನಾನು ತಡೆದೆ. ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಇದೇ ಕಲಮನ್ನು ಬಿಗಿಯಾಗಿ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಹೊಸ ರೂಪ ಪಡೆದ 182ಎ ಕಲಮಿನಡಿ ಅನುಮತಿಯಿಲ್ಲದೆ ಬಿಡಿಭಾಗ ಅಳವಡಿಸಿ ಮಾರ್ಪಡಿಸಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಇನ್ನೊಂದು ಕಡೆ, ಕೇಂದ್ರ ಸರ್ಕಾರದ 2004ರ ನವೆಂಬರ್ ಅಧಿಸೂಚನೆಯು ಸ್ವಂತ ಬಳಕೆಯ ಕ್ಯಾಂಪರ್ ವ್ಯಾನನ್ನು ಸಾರಿಗೇತರ ವಾಹನಗಳ ಪಟ್ಟಿಯಲ್ಲಿ ಹೆಸರಿಸಿದೆ. ಅಂದರೆ ಕಾನೂನು ಈ ವಾಹನವನ್ನು ಬಲ್ಲದು. ಆದರೆ ಕೆಲಸ ಮುಗಿಸಿ ತಂದು ತೋರಿಸುವವರನ್ನು ಅದು ಮೆಚ್ಚುವುದಿಲ್ಲ.

ನಕ್ಷೆ, ಆಸನಗಳ ಸಂಖ್ಯೆ, ಅಳವಡಿಸಲಿರುವ ಸಾಮಗ್ರಿ ಇವುಗಳ ವಿವರದೊಂದಿಗೆ ನೋಂದಣಿ ಪ್ರಾಧಿಕಾರಕ್ಕೆ ಅರ್ಜಿ ಹೋಯಿತು. ಉತ್ತರಕ್ಕೆ ಏಳು ವಾರ ಕಾಯಬೇಕಾಯಿತು. ಅದು ದಂಡವಾದ ಕಾಲವೆಂದು ಯಜಮಾನರ ದೂರು. ನನ್ನ ಅಭಿಪ್ರಾಯದಲ್ಲಿ ಇಡೀ ಯೋಜನೆಯಲ್ಲಿ ಅತ್ಯಂತ ಲಾಭದಾಯಕವಾದ ಏಳು ವಾರಗಳು ಅವೇ.

ಕಾರಣ ಹೇಳುತ್ತೇನೆ. ಆ ಅವಧಿಯಲ್ಲಿ ಪತ್ನಿಯವರು ಮನೆಯ ಮಾಳಿಗೆಯ ಮೇಲೆ ರಂಗೋಲಿ ಹಿಟ್ಟಿನಿಂದ ವಾಹನದ ಒಳ ಅಳತೆಯನ್ನು ಬರೆದರು: ಸುಮಾರು ಹತ್ತೂವರೆ ಅಡಿ ಉದ್ದ, ಐದೂವರೆ ಅಡಿ ಅಗಲ. ಅದರೊಳಗೆ ಮಂಚ, ಒಲೆ, ನೀರಿನ ಟಾಕಿ, ಶೌಚಾಲಯಗಳ ಗೆರೆ. ಹಳೆಯ ಕುರ್ಚಿ, ಟ್ರಂಕುಗಳನ್ನು ಆ ಗೆರೆಗಳಲ್ಲಿಟ್ಟು ಎರಡು ಸಂಜೆ ಇಬ್ಬರೂ ಅಲ್ಲಿಯೇ ಊಟ ಮಾಡಿ, ಏಳುವುದು, ತಿರುಗುವುದು, ಮಲಗುವುದು ಎಲ್ಲವನ್ನೂ ಮಾಡಿ ನೋಡಿದರು. ಯಜಮಾನರ ನಕ್ಷೆಯಲ್ಲಿ ಶೌಚಾಲಯದ ಬಾಗಿಲು ಮಂಚದ ಕಡೆಗೆ ತೆರೆಯುತ್ತಿತ್ತು. ಮೊಣಕಾಲು ಬಗ್ಗಿಸದೆ ಅಲ್ಲಿ ತಿರುಗಲಾಗದೆಂಬುದು ಮೊದಲ ಸಂಜೆಯೇ ತಿಳಿಯಿತು. “ನೀವು ಪೆಟ್ಟಿಗಿ ಮಾಡಿದವರು, ನಾ ಅದರಾಗ ಇರಾಕಿ. ಬಾಗಿಲಾ ಎಲ್ಲಿ ಬರಬೇಕು ನಾ ಹೇಳತೀನಿ” ಎಂದರಂತೆ. ಬಾಗಿಲು ಹೋಗಿ ಸರಿಯುವ ಪರದೆ ಬಂತು. ಮಂಚವನ್ನು ಅಡ್ಡಲಾಗಿ ಹಾಕಿದರೆ ಯಜಮಾನರ ಕಾಲು ಗೋಡೆಗೆ ತಾಗುತ್ತಿತ್ತು, ಆದ್ದರಿಂದ ಅದು ಉದ್ದಕ್ಕೆ ತಿರುಗಿತು. ಹಿಟ್ಟಿನ ಖರ್ಚು ಹತ್ತು ರೂಪಾಯಿ.

ಕೆಲಸದ ದಿನಗಳು

ಜನವರಿಯಲ್ಲಿ ಕೆಲಸ ಆರಂಭವಾಯಿತು. ಬೆಳಿಗ್ಗೆ ಆರಕ್ಕೆ ಚಹಾ, ಆರೂವರೆಗೆ ವಾಹನದೊಳಗೆ. ಮಾರ್ಚ್ ನಂತರ ಒಂಬತ್ತೂವರೆಯ ಮೇಲೆ ಛಾವಣಿಯ ತಗಡನ್ನು ಮುಟ್ಟಲಾಗುತ್ತಿರಲಿಲ್ಲ. ಬಿಸಿಲೇರಿದ ಮೇಲೆ ಯಜಮಾನರು ಪೇಟೆಗೆ, ಪತ್ನಿ ಹೊಲಿಗೆ ಯಂತ್ರಕ್ಕೆ. ಪರದೆ, ಹಾಸಿಗೆಯ ಗವಸು, ಸಾಮಾನಿನ ಜೋಳಿಗೆಗಳು ಎಲ್ಲ ಅವರ ಕೈಯವೇ. ಸಂಜೆ ಐದರಿಂದ ಏಳರವರೆಗೆ ಮತ್ತೆ ವಾಹನ. ಪಡಸಾಲೆಯಲ್ಲಿ ಪ್ಲೈವುಡ್, ದೇವರ ಕೋಣೆಯ ಹೊರಗೆ ಫೋಮಿನ ಸುರುಳಿ, ಊಟದ ಮೇಜಿನ ಮೇಲೆ ಫ್ಯೂಸ್ ಪೆಟ್ಟಿಗೆ. ಬಂದ ನೆಂಟರು ಕೂರಲು ಜಾಗವಿಲ್ಲದೆ ವಾಹನದಲ್ಲೇ ಕುಳಿತು ಚಹಾ ಕುಡಿದು ಹೋದದ್ದುಂಟು.

ಊಟದ ಹೊತ್ತಿನಲ್ಲಿ ಗಾಡಿಯ ಮಾತಾಡಕೂಡದೆಂದು ಪತ್ನಿಯವರು ನಿಯಮ ಮಾಡಿದ್ದರು. ಅದು ಒಂಬತ್ತು ದಿನ ನಡೆಯಿತು.

ರಾತ್ರಿ ಖಾತೆ ಬರೆಯುವ ಕೆಲಸ. ಮೂವತ್ತು ವರ್ಷಗಳ ವೃತ್ತಿಯಲ್ಲಿ ನಾನು ಕಂಡ ಅಚ್ಚುಕಟ್ಟಾದ ಪುಸ್ತಕಗಳಲ್ಲಿ ಇದೂ ಒಂದು. ಅದರಲ್ಲಿ ರೂಪಾಯಿಗೊಂದು ಕಾಲಂ, ಗಂಟೆಗೊಂದು ಕಾಲಂ, ಕಿಲೋಗ್ರಾಮಿಗೊಂದು ಕಾಲಂ. ನಮ್ಮ ಅನೇಕ ಸಣ್ಣ ಘಟಕಗಳು ಮೊದಲನೆಯದನ್ನು ಮಾತ್ರ ಬರೆಯುತ್ತವೆ. ಮಾಲೀಕನ ಸ್ವಂತ ಶ್ರಮಕ್ಕೆ ಬೆಲೆಯಿಲ್ಲವೆಂದು ಭಾವಿಸಿ ದರ ಹೇಳುತ್ತವೆ. ವರ್ಷದ ಕೊನೆಯಲ್ಲಿ ಲಾಭ ಎಲ್ಲಿ ಹೋಯಿತೆಂದು ನಮ್ಮನ್ನು ಕೇಳುತ್ತವೆ.

ತೂಕ ಮತ್ತು ವಿದ್ಯುತ್ತು

ಕಿಲೋಗ್ರಾಮಿನ ಕಾಲಂ ಹೇಗೆ ಬಂತೆಂಬುದು ಹೇಳಬೇಕಾದ ಸಂಗತಿ. ಮೊದಲ ಸುತ್ತಿನಲ್ಲಿ ಕಪಾಟುಗಳಿಗೆ 18 ಮಿ.ಮೀ. ಪ್ಲೈವುಡ್ ಬಳಸಿದ್ದರು. ಮನೆಯ ಅಡುಗೆಕೋಣೆಗೆ ಅದು ಸರಿ. ಆದರೆ ಎಂಟು ಅಡಿ ನಾಲ್ಕು ಅಡಿಯ ಅಂಥ ಒಂದು ಹಲಗೆ ಸುಮಾರು 35 ಕಿ.ಗ್ರಾಂ. ತೂಗುತ್ತದೆ. ಒಲೆ, ಫ್ರಿಜ್, 80 ಲೀಟರಿನ ನೀರಿನ ಟಾಕಿ ಎಲ್ಲವೂ ಎಡಬದಿಗೇ ಬಂದಿದ್ದವು. ಟಾಕಿ ತುಂಬಿದರೆ ನೀರೇ 80 ಕಿ.ಗ್ರಾಂ. ತೂಕದ ಕಾಟಾಕ್ಕೆ ಒಯ್ದು ನೋಡಿದಾಗ ಒಟ್ಟು ತೂಕ ಮಿತಿಯ ಹತ್ತಿರ ಬಂದಿತ್ತು; ನಿಲ್ಲಿಸಿದ ವಾಹನ ಎಡಕ್ಕೆ ವಾಲಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಕಪಾಟುಗಳನ್ನು ಬಿಚ್ಚಿದರು. ಚೌಕಟ್ಟಿಗೆ 12 ಮಿ.ಮೀ., ಬಾಗಿಲುಗಳಿಗೆ ಅದಕ್ಕಿಂತ ತೆಳುವಾದ ಹಲಗೆ ಬಂತು. ಟಾಕಿ ಬಲಬದಿಗೆ, ಹಿಂದಿನ ಆಕ್ಸಲ್ಲಿನ ಮೇಲಕ್ಕೆ ಹೋಯಿತು. ಅಂದಿನಿಂದ ಒಳಗೆ ಹೋಗುವ ಪ್ರತಿ ವಸ್ತುವೂ, ಕುಕ್ಕರ್ ಸಹಿತ, ತಕ್ಕಡಿಯ ಮೇಲೆ ಕುಳಿತೇ ಹೋಗಬೇಕಾಯಿತು.

ವಿದ್ಯುತ್ತಿನ ವಿಷಯದಲ್ಲಿ ಯಜಮಾನರ ಅನುಭವವೇ ಅವರಿಗೆ ಸ್ವಲ್ಪ ಅಡ್ಡಿಯಾಯಿತು. 230 ವೋಲ್ಟಿನ ಲೋಕದಲ್ಲಿ ಬೆಳೆದವರಿಗೆ 12 ವೋಲ್ಟು ನಿರುಪದ್ರವಿ ಎನಿಸುತ್ತದೆ. ಆದರೆ ಅದೇ ವ್ಯಾಟಿಗೆ ತಂತಿಯಲ್ಲಿ ಹರಿಯುವ ಕರೆಂಟು ಸುಮಾರು ಹದಿನೆಂಟು ಪಟ್ಟು ಹೆಚ್ಚು. 1,500 ವ್ಯಾಟಿನ ಇಂಡಕ್ಷನ್ ಒಲೆಗೆ ಬ್ಯಾಟರಿಯಿಂದ 115 ಆಂಪಿಯರಿಗೂ ಮಿಕ್ಕಿ ಬೇಕು, ಮನೆಯ 2.5 ಚದರ ಮಿ.ಮೀ. ತಂತಿ ಅಲ್ಲಿ ಬತ್ತಿಯಂತೆ ಉರಿದೀತು. ಇಂಡಕ್ಷನ್ ಒಲೆಯನ್ನು ಕೈಬಿಟ್ಟರು. ಸಣ್ಣ ಇನ್ವರ್ಟರಿಗೂ 35 ಚದರ ಮಿ.ಮೀ. ತಂತಿ, ಬ್ಯಾಟರಿಯ ಬಾಯಿಯಲ್ಲೇ ಫ್ಯೂಸ್ ಹಾಕಿದರು. ಪತ್ನಿಯವರ ಪುಸ್ತಕದಲ್ಲಿ ಒಂದು ದಿನದ ಬಳಕೆ ಹೀಗಿದೆ: ಫ್ರಿಜ್ 540 ವ್ಯಾಟ್-ಗಂಟೆ, ಎರಡು ಫ್ಯಾನ್ 500, ದೀಪ 100, ಫೋನು 60, ನೀರಿನ ಪಂಪು 20; ಒಟ್ಟು 1,220. 100 ಆಂಪಿಯರ್-ಗಂಟೆಯ ಎರಡು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳಲ್ಲಿ 2,560 ಹಿಡಿಯುತ್ತದೆ. ಬಿಸಿಲಿಲ್ಲದಿದ್ದರೂ ಎರಡು ದಿನ ಚಿಂತೆಯಿಲ್ಲ. ಒಳ್ಳೆಯ ಬಿಸಿಲಿದ್ದರೆ ಛಾವಣಿಯ 400 ವ್ಯಾಟಿನ ಸೌರಫಲಕಗಳು ದಿನದ ಖರ್ಚನ್ನು ತುಂಬುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ತುಂಬಲಾರವು. ಅದಕ್ಕೆಂದು ವಾಹನ ಓಡುವಾಗ ಆಲ್ಟರ್ನೇಟರಿನಿಂದಲೂ ಚಾರ್ಜ್ ಆಗುವ ವ್ಯವಸ್ಥೆಯಿದೆ.

ಅಡುಗೆಗೆ 5 ಕಿ.ಗ್ರಾಂ. ಸಿಲಿಂಡರು. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂಡುತ್ತದೆ. ಆದ್ದರಿಂದ ಸಿಲಿಂಡರಿಗೆ ಒಳಭಾಗಕ್ಕೆ ಸಂಪರ್ಕವಿಲ್ಲದ ಪ್ರತ್ಯೇಕ ಗೂಡು, ಅದರ ತಳದಲ್ಲಿ ಹೊರಕ್ಕೆ ತೆರೆದ ರಂಧ್ರ.

ಬಿಲ್ಲು ಯಾರ ಹೆಸರಿನಲ್ಲಿ?

ಮಧ್ಯದಲ್ಲಿ ಒಮ್ಮೆ ಮಗ ಬಂದು, ಬ್ಯಾಟರಿ ಮತ್ತು ಪ್ಲೈವುಡ್ ಬಿಲ್ಲುಗಳನ್ನು ಘಟಕದ ಹೆಸರಿನಲ್ಲಿ ಪಡೆದು ಜಿಎಸ್‌ಟಿಯ ಇನ್‌ಪುಟ್ ತೆರಿಗೆ ಜಮೆ ಪಡೆಯಬಹುದಲ್ಲವೇ ಎಂದು ಕೇಳಿದರು. ಪಡೆಯಬಾರದು. ಸಿಜಿಎಸ್‌ಟಿ ಅಧಿನಿಯಮದ 17(5)ನೆಯ ಕಲಮು ಸ್ವಂತ ಬಳಕೆಯ ಸರಕಿಗೂ, ಕೆಲವು ವಿನಾಯಿತಿಗಳನ್ನು ಬಿಟ್ಟರೆ ಚಾಲಕನೂ ಸೇರಿ ಹದಿಮೂರು ಆಸನಗಳವರೆಗಿನ ಪ್ರಯಾಣಿಕ ವಾಹನಕ್ಕೂ ಜಮೆಯನ್ನು ನಿರಾಕರಿಸುತ್ತದೆ. ಘಟಕದ ದಾಸ್ತಾನಿನಿಂದ ತೆಗೆದ ತಗಡು, ಒಂದು ವಾರ ಎರವಲು ತಂದ ಇಬ್ಬರು ಕೆಲಸಗಾರರ ಕೂಲಿ ಎರಡೂ ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಹೋದವು. ತಗಡಿನ ಮೇಲೆ ಪಡೆದಿದ್ದ ಜಮೆಯನ್ನು ಹಿಂತಿರುಗಿಸಲಾಯಿತು. ಮೊತ್ತ ಚಿಕ್ಕದು. ಚಿಕ್ಕ ಮೊತ್ತಗಳಿಂದಲೇ ತನಿಖೆಗಳು ಆರಂಭವಾಗುವುದನ್ನು ನಾನು ಕಂಡಿದ್ದೇನೆ.

ಸಾಮಗ್ರಿ, ಶುಲ್ಕ, ವಿಮೆ ಎಲ್ಲ ಸೇರಿ ವಾಹನದ ಬೆಲೆಯ ಮೇಲೆ ಆದ ಖರ್ಚು 3,97,000 ರೂಪಾಯಿ. ಇದರಲ್ಲಿ ವಿದ್ಯುತ್ ವ್ಯವಸ್ಥೆಯದೇ 1,18,000. ಬಿಚ್ಚಿ ಎಸೆದ ಸಾಮಾನು 41,000. ಇಬ್ಬರ ದುಡಿಮೆ 1,140 ಗಂಟೆ. ಅದರಲ್ಲಿ 310 ಗಂಟೆ ಪೇಟೆ ಅಲೆದದ್ದು, 190 ಗಂಟೆ ಕಟ್ಟಿದ್ದನ್ನು ಬಿಚ್ಚಿ ಮರಳಿ ಕಟ್ಟಿದ್ದು. ಗಂಟೆಗೆ 150 ರೂಪಾಯಿ ಹಿಡಿದರೂ ಶ್ರಮದ ಬೆಲೆ 1,71,000.

ಈ ಅಂಕಿಗಳು ಈಗ ಉಪಯೋಗಕ್ಕೆ ಬಂದಿವೆ. ಅಂಗಳದ ವಾಹನ ಕಂಡ ಮೂವರು ತಮಗೂ ಒಂದು ಮಾಡಿಕೊಡಬಹುದೇ ಎಂದು ಮಗನನ್ನು ಕೇಳಿದ್ದಾರೆ. ಸ್ವಂತಕ್ಕೆ ಒಂದನ್ನು ಅನುಮತಿ ಪಡೆದು ಮಾರ್ಪಡಿಸುವುದು ಬೇರೆ, ತಯಾರಿಸಿ ಮಾರುವುದು ಬೇರೆ. ಮಾರುವವರು ಮೋಟಾರ್ ಕ್ಯಾರವಾನ್‌ಗಳಿಗೆಂದೇ ಇರುವ ಎಐಎಸ್-124 ಮಾನದಂಡಕ್ಕೆ ಅನುಗುಣವಾಗಿ ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯಿಂದ ಮಾದರಿಗೆ ಅನುಮೋದನೆ ಪಡೆಯಬೇಕು. ಅದರ ವೆಚ್ಚವನ್ನು ಮೂರು ವಾಹನಗಳ ಮೇಲೆ ಹಂಚಿದರೆ ದರ ಗಿಟ್ಟುವುದಿಲ್ಲ. ಅನುಮೋದನೆಯಿರುವ ತಯಾರಕರಿಗೆ ಕಪಾಟಿನ ಚೌಕಟ್ಟು, ಸಿಲಿಂಡರ್ ಗೂಡು, ಬ್ಯಾಟರಿ ಪೆಟ್ಟಿಗೆಗಳನ್ನು ಮಾಡಿ ಪೂರೈಸುವುದು ಸಾಧ್ಯವೆಂದು ನನ್ನ ಸಲಹೆ. ಪೆಟ್ಟಿಗೆ ತಯಾರಿಸುವುದು ಅವರ ಕುಲಕಸುಬೇ ಆಗಿದೆ. ಮಗ ಇನ್ನೂ ನಿರ್ಧರಿಸಿಲ್ಲ.

ಕೆಲಸ ಮುಗಿದ ಹದಿನಾಲ್ಕು ದಿನಗಳೊಳಗೆ ಪ್ರಾಧಿಕಾರಕ್ಕೆ ವರದಿ ಸಲ್ಲಿಸಬೇಕೆಂಬ ನಿಯಮದಂತೆ ವರದಿ ಹೋಯಿತು, ತಪಾಸಣೆಯಾಯಿತು, ನೋಂದಣಿ ಪತ್ರ ತಿದ್ದುಪಡಿಯಾಗಿ ಬಂತು. ವಿಮಾ ಕಂಪನಿಗೂ ಪ್ರತಿ ಮಾರ್ಪಾಡನ್ನು ಬರಹದಲ್ಲಿ ತಿಳಿಸಲಾಗಿದೆ. ಮೊದಲ ಪ್ರಯಾಣ ಬನವಾಸಿಗೆ, ಎರಡು ರಾತ್ರಿ. ಪುಸ್ತಕದ ಆ ಪುಟದಲ್ಲಿ ಹೀಗಿದೆ: ನೀರು 52 ಲೀಟರ್. ಬ್ಯಾಟರಿ ಉಳಿಕೆ ಶೇಕಡಾ 44, ಮೋಡ. ದಾರಿಯಲ್ಲಿ ಮೂರು ಸಲ ನಿಲ್ಲಿಸಿದ್ದು, ನೀರು ಕುಡಿಯಲು ಹೆದರಲಿಲ್ಲ. ಫ್ರಿಜ್ಜಿನ ಚಿಲಕ ಸಡಿಲ, ಬದಲಿಸಬೇಕು.