ಬಾಯಿಗೆ ಬರುವ ವಯಸ್ಸು

ವಯಸ್ಸನ್ನು ಕೂದಲು ಹೇಳುತ್ತದೆ ಎನ್ನುವುದು ವಾಡಿಕೆ. ಆದರೆ ಕೂದಲಿಗೆ ಬಣ್ಣ ಹಚ್ಚಬಹುದು. ಬಾಯಿಗೆ ಬಂದ ವಯಸ್ಸನ್ನು ಮರೆಸುವುದು ಅಷ್ಟು ಸುಲಭವಲ್ಲ. ತುಟಿಗಳ ಸುತ್ತ ಉಂಗುರದಂತೆ ಹಬ್ಬಿದ ಒಂದು ಸ್ನಾಯುವಿದೆ. ಮಾತು, ಊಟ, ಸಿಳ್ಳೆ, ಮುದ್ದು ಎಲ್ಲಕ್ಕೂ ಅದೇ ಬೇಕು. ಅದು ಮುದುಡಿದಾಗಲೆಲ್ಲ ಮೇಲಿನ ಚರ್ಮವೂ ಮುದುಡುತ್ತದೆ. ಎಳೆಯ ಚರ್ಮ ಕೂಡಲೇ ನೆಟ್ಟಗಾಗುತ್ತದೆ; ಹಳೆಯ ಚರ್ಮ ಆಗುವುದಿಲ್ಲ. ದಿನವೂ ಒಂದೇ ಕಡೆ ನೆರಿಗೆ ಹಿಡಿದ ಸೀರೆಯಲ್ಲಿ ಗೆರೆ ನಿಲ್ಲುವುದಿಲ್ಲವೇ, ಹಾಗೆ. ಬಿಸಿಲು ಮತ್ತು ಬೀಡಿ-ಸಿಗರೇಟಿನ ಹೊಗೆ ಸೇರಿದರೆ ಆ ಗೆರೆಗಳು ಇನ್ನೂ ಬೇಗ ಮೂಡುತ್ತವೆ.

ಇದರ ಜೊತೆಗೆ ತುಟಿ ತೆಳುವಾಗುತ್ತದೆ. ಮೂಗಿಗೂ ಮೇಲ್ದುಟಿಗೂ ನಡುವಿನ ಅಂತರ ಉದ್ದವಾಗುತ್ತದೆ. ಯೌವನದಲ್ಲಿ ಮಾತನಾಡುವಾಗ ಕಾಣುತ್ತಿದ್ದ ಮೇಲಿನ ಹಲ್ಲುಗಳು ಮರೆಯಾಗಿ ಕೆಳಗಿನವು ಕಾಣತೊಡಗುತ್ತವೆ. ಬಾಯಿಯ ಮೂಲೆಗಳು ಇಳಿಬಿದ್ದು, ಸಿಟ್ಟಿಲ್ಲದವರೂ ಸಿಟ್ಟಾದಂತೆ ಕಾಣುತ್ತಾರೆ. ಚಿಕಿತ್ಸೆ ಬಯಸಿ ಬರುವವರಲ್ಲಿ ಹಲವರ ದೂರು ಸೌಂದರ್ಯದ್ದಲ್ಲ. 'ಯಾಕೆ ಬೇಸರದಲ್ಲಿದ್ದೀರಿ' ಎಂದು ಕಂಡವರೆಲ್ಲ ಕೇಳುತ್ತಾರೆ ಎಂಬುದು.

ತುಂಡಾದ ತುಟಿಯನ್ನು ಕೂಡಿಸುವ ವಿದ್ಯೆ ನಮ್ಮಲ್ಲಿ ಪುರಾತನವಾದುದು. ಸುಶ್ರುತ ಸಂಹಿತೆಯು ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮವನ್ನು ವಿವರಿಸಿ, ತುಟಿಗೂ ಅದೇ ವಿಧಾನ, ಮೂಗಿಗೆ ಇಡುವ ನಾಳ ಮಾತ್ರ ಬೇಡ ಎನ್ನುತ್ತದೆ. ಆದರೆ ಅದು ಗಾಯದ ಚಿಕಿತ್ಸೆ. ಗಾಯವಿಲ್ಲದ ಮುಖಕ್ಕೆ ಸೂಜಿ ಚುಚ್ಚಿ ಏನನ್ನಾದರೂ ತುಂಬಿ ಚೆಂದಗೊಳಿಸುವ ಯೋಚನೆ ಬಹಳ ಈಚಿನದು. ಅದರ ಕಥೆ ಆಸ್ಟ್ರಿಯಾದ ವಿಯೆನ್ನಾ ನಗರದಿಂದ ಆರಂಭವಾಗುತ್ತದೆ.

ಅಲ್ಲಿ ರಾಬರ್ಟ್ ಗೆರ್ಸೂನಿ ಎಂಬ ಶಸ್ತ್ರವೈದ್ಯ 1899ರಲ್ಲಿ, ಕ್ಷಯರೋಗದಿಂದ ವೃಷಣ ಕಳೆದುಕೊಂಡ ರೋಗಿಯೊಬ್ಬನಿಗೆ ಆ ಜಾಗ ತುಂಬಲು ವ್ಯಾಸಲೀನ್ ಚುಚ್ಚಿದ. ಫಲಿತಾಂಶ ಚೆನ್ನಾಗಿ ಕಂಡಿತು. ಬಿಸಿ ಮಾಡಿದರೆ ಕರಗುವ, ಆರಿದರೆ ಗಟ್ಟಿಯಾಗುವ ಪ್ಯಾರಾಫಿನ್ ಮೇಣವನ್ನು ಬೇಕಾದ ಆಕಾರಕ್ಕೆ ಒತ್ತಿ ಕೂರಿಸಬಹುದು; ಕತ್ತರಿಸುವ ಗೊಡವೆಯಿಲ್ಲ. ಕೆಲವೇ ವರ್ಷಗಳಲ್ಲಿ ಯುರೋಪು, ಅಮೆರಿಕಗಳ ತಗ್ಗು ಮೂಗು, ಕುಳಿಬಿದ್ದ ಕೆನ್ನೆ, ಸುಕ್ಕುಗಳಿಗೆಲ್ಲ ಮೇಣ ಹೋಯಿತು. ವೈದ್ಯರಲ್ಲದವರೂ ಸೂಜಿ ಹಿಡಿದರು.

ಆ ಕಾಲದ ಸುಂದರಿಯರಲ್ಲಿ ಹೆಸರಾಗಿದ್ದವಳು ಗ್ಲ್ಯಾಡಿಸ್ ಡೀಕನ್ ಎಂಬ ಅಮೆರಿಕನ್ ತರುಣಿ. ತನ್ನ ಮೂಗು ಹಣೆಯಿಂದ ಗ್ರೀಕ್ ಶಿಲ್ಪದಂತೆ ನೇರವಾಗಿ ಇಳಿಯಬೇಕೆಂಬುದು ಅವಳ ಹಟ. 22ರ ಹರೆಯದಲ್ಲಿ ಮೂಗಿನ ಸೇತುವೆಗೆ ಮೇಣ ತುಂಬಿಸಿಕೊಂಡಳು. ಮೇಣ ಅಲ್ಲಿ ನಿಲ್ಲಲಿಲ್ಲ. ಮೆಲ್ಲಗೆ ಜಾರಿ ಗಲ್ಲದವರೆಗೆ ಇಳಿದು ಮುಖದ ಕೆಳಭಾಗವನ್ನು ಕೆಡಿಸಿತು. 1921ರಲ್ಲಿ ಅವಳು ಮಾರ್ಲ್‌ಬರೊ ಡ್ಯೂಕನನ್ನು ಮದುವೆಯಾಗಿ ಬ್ಲೆನಿಮ್ ಅರಮನೆಗೆ ಒಡತಿಯಾದಳು, 1977ರವರೆಗೂ ಬದುಕಿದ್ದಳು. ಮುಖದ ಮೇಣ ಮಾತ್ರ ಮತ್ತೆ ಮೇಲೇರಲಿಲ್ಲ. ಇರುವ ಚೆಲುವನ್ನೇ ತಿದ್ದಲು ಹೋದವರ ಪಾಡು ಇದು.

ಮೇಣ ಜಾರುವುದೊಂದೇ ತೊಂದರೆಯಲ್ಲ. ಖನಿಜ ಎಣ್ಣೆಯಿಂದ ಬಂದ ಈ ವಸ್ತುವನ್ನು ದೇಹ ಅರಗಿಸಿಕೊಳ್ಳಲಾರದು, ಹೊರಹಾಕಲೂ ಆರದು. ಸುತ್ತ ನಾರಿನ ಗೋಡೆ ಕಟ್ಟುತ್ತದೆ. ವರ್ಷಗಳ ಮೇಲೆ ಗಂಟುಗಳೇಳುತ್ತವೆ, ಚರ್ಮ ಹುಣ್ಣಾಗುತ್ತದೆ. ತೆಗೆಯಬೇಕೆಂದರೆ ಮಾಂಸದ ಸಮೇತ ಕೊಯ್ಯಬೇಕು. ಇಷ್ಟು ತಿಳಿದ ಮೇಲೂ, ಎರಡನೆಯ ಮಹಾಯುದ್ಧದ ನಂತರ ದ್ರವ ಸಿಲಿಕೋನ್ ಅದೇ ದಾರಿ ಹಿಡಿಯಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಮುಖ ತುಂಬಲು ಅದನ್ನು ಚುಚ್ಚುವುದಕ್ಕೆ ಇಂದಿಗೂ ಅನುಮತಿ ಕೊಟ್ಟಿಲ್ಲ. ಆದರೂ ಕದ್ದು ಚುಚ್ಚುವವರಿದ್ದಾರೆ.

ಕರಗಿಹೋಗುವ ವಸ್ತುವೇ ಲೇಸು ಎಂಬ ತಿಳಿವಳಿಕೆ ಬರಲು ಎಂಬತ್ತು ವರ್ಷ ಬೇಕಾಯಿತು. 1981ರಲ್ಲಿ ದನದ ಚರ್ಮದಿಂದ ತೆಗೆದ ಕೊಲಾಜೆನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವರಿಗೆ ಅದು ಒಗ್ಗುತ್ತಿರಲಿಲ್ಲವಾದ್ದರಿಂದ ಮೊದಲು ತೋಳಿಗೆ ಚುಚ್ಚಿ ವಾರಗಟ್ಟಲೆ ಕಾದು ನೋಡಬೇಕಾಗಿತ್ತು. ಕೆಲವೇ ತಿಂಗಳಲ್ಲಿ ಅದು ಕರಗಿಯೂ ಬಿಡುತ್ತಿತ್ತು. ಇಂದು ಅದರ ಜಾಗದಲ್ಲಿರುವುದು ಹಯಲುರಾನಿಕ್ ಆಮ್ಲದ ಜೆಲ್. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಈ ವಸ್ತುವನ್ನು ಬೇರ್ಪಡಿಸಿದ್ದು ದನದ ಕಣ್ಣಿನೊಳಗಿನ ಗಾಜಿನಂಥ ಲೋಳೆಯಿಂದ. ಗ್ರೀಕ್ ಭಾಷೆಯಲ್ಲಿ ಗಾಜಿಗೆ 'ಹಯಲೋಸ್' ಎನ್ನುತ್ತಾರೆ, ಹೆಸರು ಬಂದದ್ದು ಹಾಗೆ. ಈಗ ಅದನ್ನು ಬ್ಯಾಕ್ಟೀರಿಯಾಗಳಿಂದ ತಯಾರಿಸುತ್ತಾರೆ. ನಮ್ಮ ಚರ್ಮದಲ್ಲೂ ಇರುವ, ನೀರನ್ನು ಹಿಡಿದಿಡುವ ವಸ್ತು ಅದು. ತುಟಿಗೆ ಸಾಮಾನ್ಯವಾಗಿ ಒಂದು ಮಿಲಿಲೀಟರ್, ಅಂದರೆ ಚಹಾ ಚಮಚದ ಐದನೇ ಒಂದು ಭಾಗ ಸಾಕು. ಆರು ತಿಂಗಳು, ವರ್ಷ ನಿಲ್ಲುತ್ತದೆ.

ಇದರ ದೊಡ್ಡ ಗುಣ ತುಂಬುವುದಲ್ಲ, ತೆಗೆಯಬಹುದಾದ್ದು. ಹಯಲುರಾನಿಡೇಸ್ ಎಂಬ ಕಿಣ್ವವನ್ನು ಚುಚ್ಚಿದರೆ ಜೆಲ್ ಕರಗುತ್ತದೆ. ತುಟಿಯೊಳಗೆ ರಕ್ತನಾಳಗಳಿವೆ, ಸೂಜಿ ತಪ್ಪಿ ಜೆಲ್ ಅವುಗಳೊಳಗೆ ಹೋದರೆ ರಕ್ತ ನಿಂತು ಚರ್ಮ ಸಾಯಬಹುದು. ಮುಖಕ್ಕೆ ಚುಚ್ಚಿದ್ದು ಕಣ್ಣಿನ ನಾಳಕ್ಕೆ ಸೇರಿ ದೃಷ್ಟಿ ಹೋದ ಪ್ರಸಂಗಗಳೂ ದಾಖಲಾಗಿವೆ. ಚುಚ್ಚಿದ ಜಾಗ ಬಿಳಿಚಿಕೊಂಡರೆ, ನೋವು ಏರುತ್ತ ಹೋದರೆ ಕಾಯುವಂತಿಲ್ಲ, ಆ ಕಿಣ್ವ ಕೂಡಲೇ ಬೇಕು. ಅದು ಕೈಗೆಟುಕುವಂತಿಲ್ಲದ ಬ್ಯೂಟಿ ಪಾರ್ಲರಿನಲ್ಲಿ ತುಟಿ ಒಡ್ಡುವುದು ಏನೆಂದು ಓದುಗರೇ ಊಹಿಸಬಹುದು.

ಉಳಿದ ದಾರಿಗಳೂ ಇವೆ. ಮೂಗಿನ ಬುಡದಲ್ಲಿ ಚರ್ಮದ ಪಟ್ಟಿಯೊಂದನ್ನು ಕತ್ತರಿಸಿ ಹೊಲಿದು ಉದ್ದವಾದ ಮೇಲ್ದುಟಿಯನ್ನು ಎತ್ತಬಹುದು. ಕಲೆ ಉಳಿಯುತ್ತದೆ, ಅದು ಎಷ್ಟು ಕಾಣುತ್ತದೆ ಎಂಬುದು ವೈದ್ಯರ ಕೈಚಳಕಕ್ಕೆ ಬಿಟ್ಟದ್ದು. ಹೊಟ್ಟೆ, ತೊಡೆಗಳ ಕೊಬ್ಬನ್ನು ತೆಗೆದು ತುಟಿಗೆ ತುಂಬಬಹುದು. ಎಷ್ಟು ಉಳಿದೀತೆಂದು ಮೊದಲೇ ಹೇಳಲಾಗದು. ಬೊಟುಲಿನಮ್ ಚುಚ್ಚಿ ಸ್ನಾಯುವನ್ನು ಸಡಿಲಿಸಬಹುದು. ಅತಿಯಾದರೆ ಕಾಫಿ ಹೀರುವುದೂ ಕಷ್ಟ. ಸಣ್ಣ ಗೆರೆಗಳನ್ನು ಲೇಸರ್‌ನಿಂದ ಸುಟ್ಟು ಹೊಸ ಚರ್ಮ ಬರಿಸಬಹುದು. ಆದರೆ ಈ ವಿದ್ಯೆ ಬೆಳೆದದ್ದು ಬಹುಮಟ್ಟಿಗೆ ಬಿಳಿಯರ ಚರ್ಮದ ಮೇಲೆ. ನಮ್ಮಂಥ ಗೋಧಿ ಮೈಬಣ್ಣದವರಿಗೆ, ಕಪ್ಪು ಬಣ್ಣದವರಿಗೆ ಗೆರೆ ಹೋಗಿ ಕಪ್ಪು ಮಚ್ಚೆ ಉಳಿಯುವ ಅಪಾಯ ಹೆಚ್ಚು.

ಇಷ್ಟೆಲ್ಲ ಹೇಳಿದ್ದು ಪರದೆಯ ವಿಷಯ. ಪರದೆಯ ಹಿಂದೆ ಗೋಡೆಯಿದೆ. ತುಟಿ ನಿಂತಿರುವುದು ಹಲ್ಲುಗಳ ಆಸರೆಯಲ್ಲಿ. ಹಲ್ಲು ಬಿದ್ದ ಕಡೆ ದವಡೆಯ ಏಣು ಕೆಲಸವಿಲ್ಲದೆ ಸವೆಯುತ್ತದೆ, ತುಟಿ ಒಳಕ್ಕೆ ಕುಸಿಯುತ್ತದೆ, ಮೂಗೂ ಗಲ್ಲವೂ ಹತ್ತಿರವಾಗುತ್ತವೆ. ನಾವು ಬೊಚ್ಚು ಬಾಯಿ ಎನ್ನುವುದು ಇದನ್ನೇ. ಅಡಿಕೆ, ಗುಟ್ಕಾ ಜಗಿಯುವವರ ಪಾಡು ಬೇರೆ: ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಅದು ಮುಂದೆ ಕ್ಯಾನ್ಸರ್ ಆಗಬಹುದಾದ ಸ್ಥಿತಿ. ತುಟಿ ತುಂಬುವ ಮಾತು ಅಲ್ಲಿ ಬರುವುದೇ ಇಲ್ಲ.

ಹಲ್ಲಿಲ್ಲದ ಬಾಯಿಗೆ ಹೊರಗಿನಿಂದ ಎಷ್ಟು ಜೆಲ್ ತುಂಬಿದರೂ ತುಟಿ ದಪ್ಪವಾದೀತೇ ಹೊರತು ಸ್ವಸ್ಥಾನಕ್ಕೆ ಬಾರದು. ಅಂಥವರಿಗೆ ಸೂಜಿಯ ವೈದ್ಯರಿಗಿಂತ ಮೊದಲು ಹಲ್ಲಿನ ವೈದ್ಯರು ಬೇಕು. ಅವರು ಪೂರ್ಣ ಹಲ್ಲಿನ ಸೆಟ್ ಮಾಡುವ ಮೊದಲು ಮೇಣದ ಏಣೊಂದನ್ನು ಬಾಯೊಳಗಿಟ್ಟು, ತುಟಿ ಎಷ್ಟು ಮುಂದೆ ಬಂತು, ಮುಖ ಹೇಗೆ ಕಾಣುತ್ತದೆ ಎಂದು ಎದುರಿನಿಂದಲೂ ಪಕ್ಕದಿಂದಲೂ ನೋಡುತ್ತಾರೆ. ಹೆಚ್ಚಾಯಿತೆಂದರೆ ಹೊರತೆಗೆದು ಕೆರೆಯುತ್ತಾರೆ, ಕಡಿಮೆಯಾದರೆ ಇನ್ನಷ್ಟು ಮೆತ್ತುತ್ತಾರೆ. ವಿಯೆನ್ನಾದಲ್ಲಿ ಸೂಜಿಗೆ ತುಂಬಿದ್ದ ವಸ್ತುವಿನ ಹತ್ತಿರದ ನೆಂಟನೇ ಅದು.