ಉಪಕರಣಗಳ ವಿವರಣೆ: ಕೃತಕ ಬುದ್ಧಿಮತ್ತೆಯ ಏಜೆಂಟ್ ಮತ್ತು ಸೇಡಂ–ಚಿತ್ತಾಪುರ ಪ್ರದೇಶದ ಶಾಸನಗಳು

ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಿಂದ ಬೆಳಕಿಗೆ ಬಂದ ಶಿಲಾಫಲಕಗಳಲ್ಲೊಂದು ಪರಿವಾರಸಹಿತನಾದ ಅರಸನೊಬ್ಬನನ್ನು ಚಿತ್ರಿಸುತ್ತದೆ. ಅದರೊಡನೆ ಅಶೋಕರಾಜನೆಂಬ ಅರ್ಥದ ಕಿರುಬರಹವೊಂದು ಬ್ರಾಹ್ಮೀ ಲಿಪಿಯಲ್ಲಿದೆ. ಆ ಬರಹವಿಲ್ಲದಿದ್ದಲ್ಲಿ ಅರಸನು ಯಾರೆಂಬುದು ಊಹೆಯ ವಿಷಯವಾಗಿಯೇ ಉಳಿಯುತ್ತಿತ್ತು. ಕಣ್ಣೆದುರಿನ ವಸ್ತುವಿಗೇ ವಿವರಣೆ ಇಷ್ಟು ಅವಶ್ಯಕವಾದರೆ, ಕಾಣದ ವಸ್ತುವನ್ನು ಬಳಸಬೇಕಾದವರಿಗೆ ಅದು ಎಷ್ಟು ಅವಶ್ಯಕವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕೃತಕ ಬುದ್ಧಿಮತ್ತೆಯ ಏಜೆಂಟುಗಳ ಸ್ಥಿತಿ ಅಂತಹುದು.

ಭಾಷಾ ಮಾದರಿಯೊಂದು ತನ್ನಲ್ಲಿರುವ ಜ್ಞಾನವನ್ನಷ್ಟೇ ನೆಚ್ಚದೆ, ಹೊರಗಿನ ಸಂಗ್ರಹಗಳನ್ನು ಹುಡುಕುವ ಅಥವಾ ಲೆಕ್ಕ ಮಾಡುವ ಪ್ರೋಗ್ರಾಮುಗಳನ್ನು ತಾನೇ ಆರಿಸಿ ಬಳಸುತ್ತ ಕಾರ್ಯವನ್ನು ಸಾಧಿಸುವುದಾದರೆ ಆ ವ್ಯವಸ್ಥೆಯನ್ನು ಏಜೆಂಟ್ ಎನ್ನುತ್ತಾರೆ. ಅಂತಹ ಪ್ರತಿಯೊಂದು ಪ್ರೋಗ್ರಾಮಿಗೆ ಟೂಲ್, ಎಂದರೆ ಉಪಕರಣ, ಎಂದು ಹೆಸರು. ಉಪಕರಣದ ಒಳರಚನೆಯನ್ನು ಏಜೆಂಟ್ ಸಾಮಾನ್ಯವಾಗಿ ನೋಡುವುದಿಲ್ಲ. ಅದರ ಮುಂದಿರುವುದು ಉಪಕರಣದ ಹೆಸರು, ವಿವರಣೆ, ಮತ್ತು ಒದಗಿಸಬೇಕಾದ ಮಾಹಿತಿಯ ಪಟ್ಟಿ. 2024ರ ನವೆಂಬರಿನಲ್ಲಿ ಆಂತ್ರೋಪಿಕ್ ಸಂಸ್ಥೆಯು ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ನಿಯಮಾವಳಿಯಲ್ಲಿಯೂ ಉಪಕರಣಗಳ ಪರಿಚಯ ಈ ಬಗೆಯಲ್ಲಿಯೇ ಆಗುತ್ತದೆ.

ನಮ್ಮ ಪ್ರದೇಶದ ಶಾಸನಗಳನ್ನು ಹುಡುಕುವ ಉಪಕರಣವೊಂದನ್ನು ಕಲ್ಪಿಸಿಕೊಳ್ಳೋಣ. ಅದರ ವಿವರಣೆ 'ಶಾಸನಗಳನ್ನು ಹುಡುಕುತ್ತದೆ' ಎಂದಷ್ಟೇ ಇರಲಿ. ಅದನ್ನು ನಿರ್ಮಿಸಿದವರಿಗೆ ಇದರಲ್ಲಿ ಕೊರತೆ ಕಾಣದು. ಉಳಿದುದೆಲ್ಲ ಅವರ ಮನಸ್ಸಿನಲ್ಲಿರುತ್ತದೆ. ಈಗ ವಿದ್ಯಾರ್ಥಿಯೊಬ್ಬನು ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನದ ಶಾಸನವು ಯಾವ ಅರಸನ ಕಾಲದ್ದೆಂದು ಕೇಳುತ್ತಾನೆ. ವೇದಾಧ್ಯಯನ ಮಾಡುವ 200 ವಿದ್ಯಾರ್ಥಿಗಳನ್ನೂ ಗ್ರಂಥಗಳನ್ನು ಕಾಯುವ 6 ಮಂದಿ ಸರಸ್ವತೀ ಭಂಡಾರಿಗರನ್ನೂ ಹೇಳುವ ಈ ಶಾಸನ ಶಕ 980ರದು. ಉಪಕರಣವು '980' ಎಂಬ ಅಂಕಿಯನ್ನು ಮಾತ್ರ ಕೊಟ್ಟು, ಅದು ಶಕಮಾನವೆಂಬುದನ್ನು ವಿವರಣೆ ಹೇಳದಿದ್ದರೆ, ಏಜೆಂಟ್ ಅದನ್ನು ಕ್ರಿಸ್ತಶಕವೆಂದು ಗ್ರಹಿಸಿ ಇಮ್ಮಡಿ ತೈಲಪನ (973–997) ಹೆಸರನ್ನು ಹೇಳಬಹುದು. ಶಕವರ್ಷಕ್ಕೆ 78 ಕೂಡಿಸಿದಾಗ ದೊರೆಯುವುದು 1058. ಆಗ ಆಳುತ್ತಿದ್ದವನು ಒಂದನೆಯ ಸೋಮೇಶ್ವರ (1042–1068). ಒಂದು ಪದದ ಕೊರತೆಯಿಂದ ಅರಸನೇ ಬದಲಾದನು. ಏಜೆಂಟಿನ ಮಾತಿನಲ್ಲಿ ಸಂಶಯದ ಸುಳಿವೂ ಇರದಾದ್ದರಿಂದ, ಈ ತಪ್ಪು ವಿದ್ಯಾರ್ಥಿಯ ಪ್ರಬಂಧವನ್ನು ಸೇರಿ ಅಲ್ಲಿಂದ ಮುಂದಕ್ಕೂ ಸಾಗಬಹುದು.

ಸ್ಥಳನಾಮಗಳ ತೊಡಕು ಇದಕ್ಕಿಂತ ಹೆಚ್ಚಿನದು. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ; ಯಾವ ಹೆಸರಿನಿಂದ ಹುಡುಕಬೇಕೆಂಬುದನ್ನು ವಿವರಣೆಯೇ ಹೇಳಬೇಕು. ಶಹಾಬಾದ ಎಂಬ ಊರು ಹರಿಯಾಣದಲ್ಲಿಯೂ ಉತ್ತರಪ್ರದೇಶದಲ್ಲಿಯೂ ಉಂಟು. ವಾಡಿ ಎಂಬ ಹೆಸರು ನಾಗಪುರದ ಬಳಿಯೂ ಉಂಟು. ಚಿಂಚೋಳಿ ಎಂಬ ಹೆಸರಿನ ಹಳ್ಳಿಗಳು ಮಹಾರಾಷ್ಟ್ರದಲ್ಲಿ ಹಲವಿವೆ. ಶಹಾಬಾದ ಈಚೆಗೆ ಪ್ರತ್ಯೇಕ ತಾಲ್ಲೂಕಾಗಿದೆ. ಹಳೆಯ ಪ್ರಕಟಣೆಗಳಲ್ಲಿ ಅದರ ಹಳ್ಳಿಗಳನ್ನು ಚಿತ್ತಾಪುರ ತಾಲ್ಲೂಕಿನಲ್ಲಿ ಅರಸಬೇಕು. 'ಶಹಾಬಾದ ಕಲ್ಲು' ಎಂದು ಕೇಳಿದವರಿಗೆ ಬೇಕಾದದ್ದು ಶಿಲಾಶಾಸನವೋ ನೆಲಕ್ಕೆ ಹಾಸುವ ಕಲ್ಲೋ ಎಂಬುದೂ ಇತ್ಯರ್ಥವಾಗಬೇಕು.

ಉಪಕರಣವನ್ನು ಯಾವಾಗ ಬಳಸಬಾರದೆಂಬುದನ್ನೂ ಹೇಳುವುದು ಅಷ್ಟೇ ಮುಖ್ಯ. ಅಮೋಘವರ್ಷನ ಆಸ್ಥಾನದ ಕವಿರಾಜಮಾರ್ಗವನ್ನು ಶಾಸನಗಳ ಸಂಗ್ರಹದಲ್ಲಿ ಹುಡುಕುವುದು ವ್ಯರ್ಥ. ಅದಕ್ಕೆ ಗ್ರಂಥಸೂಚಿಯ ಉಪಕರಣ ಬೇಕು. ಹುಡುಕಿದ್ದು ಸಿಕ್ಕದಿದ್ದಾಗ ಅದರ ಅರ್ಥವೇನೆಂಬುದೂ ವಿವರಣೆಯಲ್ಲಿರಬೇಕು. ಆಧಾರ ದೊರೆಯಲಿಲ್ಲವೆಂದ ಮಾತ್ರಕ್ಕೆ ಸಂಗತಿಯೇ ನಡೆಯಲಿಲ್ಲವೆಂದು ಇತಿಹಾಸಕಾರನು ತೀರ್ಮಾನಿಸುವುದಿಲ್ಲ. ಏಜೆಂಟಿಗೂ ಈ ಎಚ್ಚರವನ್ನು ಕಲಿಸಬೇಕಾಗುತ್ತದೆ.

ಇಷ್ಟನ್ನೂ ಗಮನಿಸಿ ಮೇಲಿನ ವಿವರಣೆಯನ್ನು ಹೀಗೆ ತಿದ್ದಬಹುದು:

'ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ತಾಲ್ಲೂಕುಗಳ ಪ್ರಕಟಿತ ಶಾಸನಗಳನ್ನು ಊರು ಅಥವಾ ವರ್ಷದ ಮೇಲೆ ಹುಡುಕುತ್ತದೆ. ಊರಿನ ಇಂದಿನ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಡಬೇಕು; ಉದಾಹರಣೆ: ಮಳಖೇಡ. ವರ್ಷವನ್ನು ಶಕಮಾನದಲ್ಲಿ ಕೊಡಬೇಕು, ಉದಾಹರಣೆ: 980. ಉತ್ತರದಲ್ಲಿ ಶಕವರ್ಷ, ಕ್ರಿಸ್ತವರ್ಷ, ಅರಸನ ಹೆಸರು, ಮೂಲಪಾಠ ಇರುತ್ತವೆ. ಕಾವ್ಯಗಳಿಗೂ ಶಾಸ್ತ್ರಗ್ರಂಥಗಳಿಗೂ ಇದನ್ನು ಬಳಸಬಾರದು. ಏನೂ ಸಿಕ್ಕದಿದ್ದರೆ ಈ ಸಂಗ್ರಹದಲ್ಲಿ ಇಲ್ಲವೆಂದಷ್ಟೇ ತಿಳಿಯಬೇಕು, ಶಾಸನವೇ ಇಲ್ಲವೆಂದಲ್ಲ.'

ಇದಕ್ಕಿಂತ ಹೆಚ್ಚು ಬೆಳೆಸುವುದು ಲೇಸಲ್ಲ. ಏಜೆಂಟ್ ಒಮ್ಮೆಗೆ ಗಮನಕ್ಕೆ ತಂದುಕೊಳ್ಳಬಹುದಾದ ಪಠ್ಯಕ್ಕೆ ಮಿತಿಯಿದೆ. ಅನೇಕ ಉಪಕರಣಗಳ ದೀರ್ಘ ವಿವರಣೆಗಳು ಒಂದನ್ನೊಂದು ಮರೆಮಾಡುತ್ತವೆ. ಬರೆದ ಬಳಿಕ, ಉತ್ತರ ಮೊದಲೇ ತಿಳಿದಿರುವ ಕೆಲವು ಪ್ರಶ್ನೆಗಳನ್ನು ಕೇಳಿ, ಏಜೆಂಟ್ ಎಲ್ಲಿ ತಪ್ಪುತ್ತದೆಂಬುದನ್ನು ನೋಡಿ ತಿದ್ದುವುದು ಯುಕ್ತ. ನಾಗಾವಿಯ ಪ್ರಶ್ನೆಯೇ ಇದಕ್ಕೆ ಸಾಕಷ್ಟು ಒಳ್ಳೆಯ ಪರೀಕ್ಷೆ.

ಈ ಕೆಲಸ ಯಂತ್ರತಜ್ಞರದೇ ಎಂಬ ಭಾವನೆಯನ್ನು ನಾವು ಒಪ್ಪಲಾರೆವು. ಶಕಮಾನ, ಪ್ರಾಚೀನ ಸ್ಥಳನಾಮ, ತಾಲ್ಲೂಕುಗಳ ಬದಲಾವಣೆ ಇವುಗಳನ್ನು ಬಲ್ಲವರು ಇತಿಹಾಸದ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು. ಅವರು ಬರೆಯದೆ ಬಿಟ್ಟದ್ದನ್ನು ಏಜೆಂಟ್ ತನ್ನ ಊಹೆಯಿಂದ ತುಂಬಿಕೊಳ್ಳುತ್ತದೆ.