ಧ್ವನಿಯನ್ನು ಅಂಕಿಗಳಾಗಿಸುವ ಪುಟ್ಟ ಪೆಟ್ಟಿಗೆ

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯನ್ನು ನೀವು ಕೇಳಿರಬಹುದು. ಒಂದು ಕಾಲದಲ್ಲಿ ಹಾಡಿನ ಪಾಡೂ ಹೀಗೆಯೇ ಇತ್ತು. ಹಾಡುವವರು ನಿಲ್ಲಿಸಿದೊಡನೆ ಹಾಡು ಗಾಳಿಯಲ್ಲಿ ಕರಗಿಹೋಗುತ್ತಿತ್ತು. 1877ರಲ್ಲಿ ಅಮೆರಿಕದ ಥಾಮಸ್ ಆಲ್ವ ಎಡಿಸನ್ ಅವರು ಫೋನೋಗ್ರಾಫ್ ಎಂಬ ಯಂತ್ರವನ್ನು ರಚಿಸಿದರು. ಅದು ಆಡಿದ ಮಾತನ್ನು ತವರದ ಹಾಳೆಯ ಮೇಲೆ ಗೆರೆಗಳಾಗಿ ಹಿಡಿದಿಟ್ಟು ಮತ್ತೆ ಕೇಳಿಸಿತು. ಇಂದು ಅದೇ ಕೆಲಸವನ್ನು ಕಂಪ್ಯೂಟರಿನ ನೆರವಿನಿಂದ ಮನೆಯಲ್ಲಿಯೇ ಮಾಡಬಹುದು.

ನಿಮ್ಮ ಅಜ್ಜಿಗೆ ಬೀಸುವ ಪದ, ಸೋಬಾನೆ ಪದ, ಜೋಗುಳ ಬರುತ್ತವೆಯೆ? ಅವುಗಳಲ್ಲಿ ಎಷ್ಟೋ ಹಾಡುಗಳು ಯಾವ ಪುಸ್ತಕದಲ್ಲಿಯೂ ಇರಲಾರವು. ಅವರ ಕಂಠದಲ್ಲಿ ಮಾತ್ರ ಉಳಿದಿರುತ್ತವೆ. ಅವನ್ನು ಚೆನ್ನಾಗಿ ಧ್ವನಿಮುದ್ರಿಸಲು ಒಂದು ಮೈಕ್, ಒಂದು ಕಂಪ್ಯೂಟರ್ ಮತ್ತು ಇವೆರಡರ ನಡುವೆ ಒಂದು ಪುಟ್ಟ ಪೆಟ್ಟಿಗೆ ಬೇಕು. ಈ ಪೆಟ್ಟಿಗೆಗೆ ಆಡಿಯೊ ಇಂಟರ್‌ಫೇಸ್ ಎಂದು ಹೆಸರು. ಅಂಗಡಿಯಲ್ಲಿ ಇದರ ಹತ್ತಾರು ಬಗೆಗಳಿವೆ. ಕಡಿಮೆ ಹಣದಲ್ಲಿ ಯಾವುದನ್ನು ಆರಿಸಬೇಕು? ಇದನ್ನು ತಿಳಿಯಲು ಪೆಟ್ಟಿಗೆ ಮಾಡುವ ಕೆಲಸವೇನೆಂದು ಮೊದಲು ನೋಡೋಣ.

ಗಾಳಿಯ ಅಲೆಯಿಂದ ವಿದ್ಯುತ್ತಿಗೆ

ನಿಮ್ಮ ಗಂಟಲಿನ ಮೇಲೆ ಬೆರಳಿಟ್ಟು ‘ಆ’ ಎನ್ನಿ. ಬೆರಳಿಗೆ ಕಂಪನ ತಿಳಿಯುತ್ತದೆಯಲ್ಲವೆ? ಈ ಕಂಪನ ಗಾಳಿಯಲ್ಲಿ ಅಲೆಗಳಾಗಿ ಹರಡುತ್ತದೆ. ಮೈಕಿನೊಳಗೆ ಒಂದು ತೆಳುವಾದ ಪೊರೆ ಇರುತ್ತದೆ. ಅಲೆ ಬಡಿದಾಗ ಪೊರೆಯೂ ಕಂಪಿಸುತ್ತದೆ. ‘ಡೈನಾಮಿಕ್’ ಮೈಕಿನಲ್ಲಿ ಈ ಪೊರೆಗೆ ತಂತಿಯ ಸುರುಳಿಯೊಂದನ್ನು ಅಂಟಿಸಿರುತ್ತಾರೆ. ಸುರುಳಿಯ ಪಕ್ಕದಲ್ಲಿ ಕಾಂತವಿರುತ್ತದೆ. ಕಾಂತದ ಬಳಿ ಸುರುಳಿ ಚಲಿಸಿದರೆ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟಿದ್ದರು.

‘ಕಂಡೆನ್ಸರ್’ ಎಂಬ ಇನ್ನೊಂದು ಬಗೆಯ ಮೈಕ್ ಇದೆ. ಅದರಲ್ಲಿ ಸುರುಳಿ ಇಲ್ಲ. ಒಂದು ತೆಳು ಪೊರೆ ಮತ್ತು ಅದರ ಹಿಂದೆ ಒಂದು ಲೋಹದ ತಟ್ಟೆ ಇರುತ್ತವೆ. ಪೊರೆ ಅಲುಗಿದಂತೆ ಎರಡರ ನಡುವಿನ ಅಂತರ ಬದಲಾಗಿ ವಿದ್ಯುತ್ ಸಂಕೇತ ಉಂಟಾಗುತ್ತದೆ. ಇದು ಬಹಳ ಸೂಕ್ಷ್ಮವಾದ ಮೈಕ್. ಆದರೆ ಇದಕ್ಕೆ ಹೊರಗಿನಿಂದ ವಿದ್ಯುತ್ ಕೊಡಬೇಕು. ಸಾಮಾನ್ಯವಾಗಿ ಬೇಕಾಗುವುದು 48 ವೋಲ್ಟ್. ಧ್ವನಿಯ ಸಂಕೇತ ಬರುವ ತಂತಿಯಲ್ಲೇ ಪೆಟ್ಟಿಗೆಯು ಈ ವಿದ್ಯುತ್ತನ್ನು ಕಳುಹಿಸುತ್ತದೆ. ಇದನ್ನು ಫ್ಯಾಂಟಮ್ ಪವರ್ ಎನ್ನುತ್ತಾರೆ.

ಟಾರ್ಚಿನ ಒಂದು ಸೆಲ್ಲಿನಲ್ಲಿ 1.5 ವೋಲ್ಟ್, ಅಂದರೆ 1,500 ಮಿಲಿವೋಲ್ಟ್ ಇರುತ್ತದೆ. ಡೈನಾಮಿಕ್ ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್! ಇಷ್ಟು ದುರ್ಬಲ ಸಂಕೇತವನ್ನು ಹಿಗ್ಗಿಸುವುದೇ ಪೆಟ್ಟಿಗೆಯ ಮೊದಲ ಕೆಲಸ. ಎಷ್ಟು ಹಿಗ್ಗಿಸಬೇಕೆಂದು ಹೇಳಲು ‘ಗೇನ್’ ಎಂಬ ತಿರುಗುವ ಗುಂಡಿ ಇರುತ್ತದೆ.

ವಿದ್ಯುತ್ತಿನಿಂದ ಅಂಕಿಗಳಿಗೆ

ಕಂಪ್ಯೂಟರಿಗೆ ತಿಳಿಯುವುದು ಅಂಕಿಗಳು ಮಾತ್ರ. ಆಸ್ಪತ್ರೆಯಲ್ಲಿ ರೋಗಿಯ ಜ್ವರವನ್ನು ಕೆಲವು ಗಂಟೆಗಳಿಗೊಮ್ಮೆ ಅಳೆದು ಪಟ್ಟಿಯಲ್ಲಿ ಬರೆಯುತ್ತಾರೆ. ಆ ಅಂಕಿಗಳನ್ನು ನೋಡಿ ಜ್ವರ ಏರಿದ್ದು, ಇಳಿದದ್ದು ತಿಳಿಯುತ್ತದೆ. ನಮ್ಮ ಪೆಟ್ಟಿಗೆ ಮಾಡುವುದೂ ಇದನ್ನೇ. ಆದರೆ ಅದು ಸಂಕೇತವನ್ನು ಒಂದು ಸೆಕೆಂಡಿಗೆ 44,100 ಬಾರಿ ಅಳೆಯುತ್ತದೆ!

ಅಷ್ಟೊಂದು ಬಾರಿ ಏಕೆ? ನಮ್ಮ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಧ್ವನಿ ಕೇಳಿಸುತ್ತದೆ. ಒಂದು ಕಂಪನವನ್ನು ಸರಿಯಾಗಿ ಗುರುತಿಸಲು ಅದನ್ನು ಎರಡಕ್ಕಿಂತ ಹೆಚ್ಚು ಬಾರಿ ಅಳೆಯಬೇಕು. ಆದ್ದರಿಂದ 20,000ದ ಎರಡರಷ್ಟಕ್ಕಿಂತ ತುಸು ಹೆಚ್ಚು ಬೇಕು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಗಳಲ್ಲಿ 44,100ನ್ನೇ ಬಳಸಿದರು. ಹಳೆಯ ಡಿಜಿಟಲ್ ದೂರವಾಣಿ ಜಾಲದಲ್ಲಿ ಸೆಕೆಂಡಿಗೆ 8,000 ಬಾರಿ ಮಾತ್ರ ಅಳೆಯುತ್ತಿದ್ದರು. ಅದಕ್ಕೇ ಫೋನಿನಲ್ಲಿ ‘ಸ’ ಮತ್ತು ‘ಫ’ಗಳ ನಡುವೆ ಗೊಂದಲವಾಗುತ್ತಿತ್ತು.

ಎಷ್ಟು ಬಾರಿ ಅಳೆಯಬೇಕು ಎಂಬುದಷ್ಟೇ ಅಲ್ಲ, ಎಷ್ಟು ನಿಖರವಾಗಿ ಅಳೆಯಬೇಕು ಎಂಬುದೂ ಮುಖ್ಯ. ಸೆಂಟಿಮೀಟರ್ ಗೆರೆಗಳು ಮಾತ್ರ ಇರುವ ಅಳತೆಪಟ್ಟಿಗಿಂತ ಮಿಲಿಮೀಟರ್ ಗೆರೆಗಳೂ ಇರುವ ಪಟ್ಟಿ ಹೆಚ್ಚು ನಿಖರವಲ್ಲವೆ? 16 ಬಿಟ್ ಪೆಟ್ಟಿಗೆಯ ‘ಅಳತೆಪಟ್ಟಿ’ಯಲ್ಲಿ 65,536 ಮೆಟ್ಟಿಲುಗಳಿವೆ. 24 ಬಿಟ್ ಪೆಟ್ಟಿಗೆಯಲ್ಲಿ 1,67,77,216 ಮೆಟ್ಟಿಲುಗಳು!

ಆರಿಸುವಾಗ ಏನನ್ನು ನೋಡಬೇಕು?

1. ಒಬ್ಬರೇ ಹಾಡುವುದಾದರೆ ಒಂದು ಮೈಕ್ ಜೋಡಿಸಲು ಜಾಗವಿರುವ ಪೆಟ್ಟಿಗೆ ಸಾಕು. ನಾಲ್ಕು, ಎಂಟು ಮೈಕ್‌ಗಳ ಪೆಟ್ಟಿಗೆಗೆ ಹಣ ಸುರಿಯಬೇಕಿಲ್ಲ.

2. ಕಂಡೆನ್ಸರ್ ಮೈಕ್ ಬಳಸುವುದಾದರೆ ಪೆಟ್ಟಿಗೆಯ ಮೇಲೆ ‘48 ವೋಲ್ಟ್’ ಎಂಬ ಗುಂಡಿ ಇರಲೇಬೇಕು. ಇಲ್ಲವಾದರೆ ಮೈಕ್ ಮೂಕವಾಗುತ್ತದೆ.

3. ಕೊಳ್ಳುವ ಮೊದಲು ಮೈಕ್ ಜೋಡಿಸಿ, ಹೆಡ್‌ಫೋನ್ ಹಾಕಿಕೊಂಡು, ಯಾರೂ ಮಾತಾಡದಿರುವಾಗ ಗೇನ್ ಗುಂಡಿಯನ್ನು ನಿಧಾನವಾಗಿ ಏರಿಸಿ ನೋಡಿ. ‘ಸ್ಸ್...’ ಎಂಬ ಸದ್ದು ಹೆಚ್ಚಾಗಿ ಬರುತ್ತಿದ್ದರೆ ಆ ಪೆಟ್ಟಿಗೆ ಮೆಲುದನಿಗೆ ತಕ್ಕದ್ದಲ್ಲ.

4. ಸೆಕೆಂಡಿಗೆ 44,100 ಅಥವಾ 48,000 ಅಳತೆ, 24 ಬಿಟ್ ಇದ್ದರೆ ಧಾರಾಳವಾಯಿತು. ಕೆಲವು ಪೆಟ್ಟಿಗೆಗಳ ಮೇಲೆ 1,92,000 ಎಂದು ದೊಡ್ಡದಾಗಿ ಮುದ್ರಿಸಿರುತ್ತಾರೆ. ಹಾಡನ್ನು ಕೇಳಲು ನಮ್ಮ ಕಿವಿಗೆ ಅಷ್ಟು ಬೇಕಿಲ್ಲ.

5. ಹಾಡುವವರು ಹೆಡ್‌ಫೋನಿನಲ್ಲಿ ತಮ್ಮ ದನಿಯನ್ನು ನೇರವಾಗಿ ಕೇಳುವ ಸೌಲಭ್ಯವಿದೆಯೆ ಎಂದು ವಿಚಾರಿಸಿ. ದನಿ ಕಂಪ್ಯೂಟರನ್ನು ಸುತ್ತಿ ಬರಲು ಒಂದಿಷ್ಟು ಸಮಯ ಬೇಕು. ಗಾಳಿಯಲ್ಲಿ ಧ್ವನಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಚಲಿಸುತ್ತದೆ. 20 ಮಿಲಿಸೆಕೆಂಡ್ ತಡವಾದರೆ ಸುಮಾರು 7 ಮೀಟರ್ ದೂರದಿಂದ ತಮ್ಮ ಹಾಡನ್ನೇ ಕೇಳಿದಂತೆ. ಆಗ ತಾಳ ತಪ್ಪದಿರುತ್ತದೆಯೆ?

ಪೆಟ್ಟಿಗೆಯಿಂದ ಆಗದ ಕೆಲಸ

ಪೆಟ್ಟಿಗೆಗೆ ಅಜ್ಜಿಯ ದನಿ ಯಾವುದು, ಫ್ಯಾನಿನ ಸದ್ದು ಯಾವುದು ಎಂದು ತಿಳಿಯದು. ಮೈಕಿಗೆ ಬಂದದ್ದನ್ನೆಲ್ಲ ಅದು ಅಂಕಿಗಳನ್ನಾಗಿ ಮಾಡುತ್ತದೆ. ಹೀಗಾಗಿ ಗದ್ದಲದ ಕೋಣೆಯಲ್ಲಿ ದುಬಾರಿ ಪೆಟ್ಟಿಗೆ ಇಟ್ಟರೆ ಗದ್ದಲವೇ ಸ್ಪಷ್ಟವಾಗಿ ಮುದ್ರಣವಾಗುತ್ತದೆ! ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ. ಗೋಡೆಗೆ ಕಂಬಳಿ, ಕೌದಿಗಳನ್ನು ತೂಗುಹಾಕಿದರೆ ಅನುರಣನ ಕಡಿಮೆಯಾಗುತ್ತದೆ. ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿಡಿ. ಎರಡು ಗೇಣು ದೂರ ಇಟ್ಟರೆ ಮೈಕಿಗೆ ಬಡಿಯುವ ದನಿಯ ಅಲೆಯ ಒತ್ತಡ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಕೋಣೆಯ ಗದ್ದಲ ಅಷ್ಟೇ ಇರುತ್ತದೆ.

ಇನ್ನೊಂದು ಎಚ್ಚರಿಕೆ. ಕೊಡ ತುಂಬಿದ ಮೇಲೆ ಬಿದ್ದ ನೀರು ಹೊರಗೆ ಚೆಲ್ಲುತ್ತದೆ. ಹಾಗೆಯೇ ಗೇನ್ ಅತಿಯಾದರೆ ಅಲೆಯ ತುದಿಗಳು ಅಳತೆಪಟ್ಟಿಯ ಕೊನೆಯ ಮೆಟ್ಟಿಲನ್ನು ಮೀರಿ ಕತ್ತರಿಸಿಹೋಗುತ್ತವೆ. ದನಿ ಒಡಕಾಗಿ ಕೇಳುತ್ತದೆ. ಪೆಟ್ಟಿಗೆಯ ಕೆಂಪು ದೀಪ ಇದನ್ನೇ ಸೂಚಿಸುವುದು. ಹೀಗೆ ಕಳೆದುಹೋದ ತುದಿಗಳು ಅಂಕಿಗಳಲ್ಲಿ ಇರುವುದೇ ಇಲ್ಲ. ಆದ್ದರಿಂದ ಅವನ್ನು ಮತ್ತೆ ಹಾಗೆಯೇ ಪಡೆಯಲಾಗದು. ಅತಿ ಗಟ್ಟಿಯಾಗಿ ಹಾಡಿದಾಗಲೂ ಸಂಕೇತ ಅರ್ಧದಷ್ಟು ಎತ್ತರದಲ್ಲಿರುವಂತೆ ಗೇನ್ ಇಡಿ. 24 ಬಿಟ್‌ನಲ್ಲಿ ಅರ್ಧವೆಂದರೂ 83 ಲಕ್ಷಕ್ಕೂ ಹೆಚ್ಚು ಮೆಟ್ಟಿಲುಗಳು ಉಳಿದಿರುತ್ತವೆ. 24 ಬಿಟ್ ಪೆಟ್ಟಿಗೆಯ ನಿಜವಾದ ಲಾಭ ಇದು.

ಮಾಡಿ ನೋಡಿ

ಒಂದು ಗ್ರಾಫ್ ಹಾಳೆಯನ್ನು ಅಡ್ಡಲಾಗಿಟ್ಟು 20 ಸೆಂ.ಮೀ. ಉದ್ದದಲ್ಲಿ ಒಂದೇ ಸಮನಾದ 4 ಅಲೆಗಳನ್ನು ಬರೆಯಿರಿ. ಪ್ರತಿ ಅಲೆಯ ಉದ್ದ 5 ಸೆಂ.ಮೀ. ಮೊದಲು ಪ್ರತಿ 1 ಸೆಂ.ಮೀ.ಗೆ ಅಲೆಯ ಮೇಲೆ ಒಂದು ಚುಕ್ಕೆ ಇಟ್ಟು ಕೆಂಪು ಪೆನ್ಸಿಲಿನಿಂದ ಸೇರಿಸಿ. ಅನಂತರ ಪ್ರತಿ 4 ಸೆಂ.ಮೀ.ಗೆ ಚುಕ್ಕೆ ಇಟ್ಟು ನೀಲಿ ಪೆನ್ಸಿಲಿನಿಂದ ಸೇರಿಸಿ. ಕೆಂಪು ಗೆರೆಯಲ್ಲಿ ಎಷ್ಟು ಅಲೆಗಳಿವೆ? ನೀಲಿ ಗೆರೆಯಲ್ಲಿ ಎಷ್ಟು? ಕಡಿಮೆ ಬಾರಿ ಅಳೆದರೆ ಇಲ್ಲದ ಅಲೆಯೊಂದು ಹುಟ್ಟಿಕೊಳ್ಳುವುದನ್ನು ನೀವೇ ಕಾಣುವಿರಿ.

ಇನ್ನೊಂದು ಪ್ರಯೋಗ. ಖಾಲಿ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಹಾಸಿಗೆ, ಬಟ್ಟೆಗಳು ತುಂಬಿರುವ ಕೋಣೆಯಲ್ಲಿ ಮತ್ತೊಮ್ಮೆ ತಟ್ಟಿ. ಎಲ್ಲಿ ಸದ್ದು ಬೇಗ ಅಡಗಿತು? ಅದೇ ನಿಮ್ಮ ಧ್ವನಿಮುದ್ರಣ ಕೋಣೆ.

ಪೆಟ್ಟಿಗೆ ಇಲ್ಲವೆಂದು ಕಾಯಬೇಕಾಗಿಲ್ಲ. ಮೊಬೈಲ್ ಫೋನಿನೊಳಗೆ ಪುಟ್ಟ ಮೈಕ್, ಹಿಗ್ಗಿಸುವ ಭಾಗ, ಅಳೆಯುವ ಭಾಗ ಮೂರೂ ಇವೆ. ಹಿರಿಯರ ಒಪ್ಪಿಗೆ ಕೇಳಿ, ಕರೆ ಬಾರದಂತೆ ಮಾಡಿ, ಶಾಂತವಾದ ಕೋಣೆಯಲ್ಲಿ ಒಂದು ಗೇಣು ದೂರದಲ್ಲಿಟ್ಟು ಮುದ್ರಿಸಿ. ಹಾಡಿದವರ ಹೆಸರು, ಊರು, ದಿನಾಂಕ, ಯಾವ ಸಂದರ್ಭದ ಹಾಡು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

ಲೆಕ್ಕ ಮಾಡಿ: ಸೆಕೆಂಡಿಗೆ 44,100 ಅಳತೆಗಳು, ಪ್ರತಿ ಅಳತೆಗೆ 2 ಬೈಟ್ (16 ಬಿಟ್) ಜಾಗ ಬೇಕು. 10 ನಿಮಿಷದ ಹಾಡಿಗೆ ಒಟ್ಟು ಎಷ್ಟು ಬೈಟ್ ಬೇಕು?

(ಉತ್ತರ: 5,29,20,000 ಬೈಟ್)